ಮೇಲ್ ಬಂದಿದೆ, ಫೋನ್ ಯಾಕೆ ಹೇಳಲಿಲ್ಲ?

ವಸಂತನರಸಾಪುರದ ಕಾರ್ಖಾನೆಯೊಂದು ಬೆಳಿಗ್ಗೆ ಹತ್ತಕ್ಕೆ ಕಳಿಸಿದ ಸಂದರ್ಶನದ ಮೇಲನ್ನು ಕ್ಯಾತ್ಸಂದ್ರದ ಹುಡುಗ ನೋಡುವುದು ಸಂಜೆ ಆರಕ್ಕೆ. ತಿಪಟೂರಿನ ಕೊಬ್ಬರಿ ವ್ಯಾಪಾರಿಗೆ ದೆಹಲಿಯ ಖರೀದಿದಾರ ಫೋನ್ ಮಾಡಿ, ‘ಆರ್ಡರ್ ಕಳಿಸಿ ಎರಡು ಗಂಟೆ ಆಯ್ತು, ಸುದ್ದಿಯೇ ಇಲ್ಲವಲ್ಲ’ ಅನ್ನುತ್ತಾನೆ. ಇವರು ಗಾಬರಿಯಿಂದ ಆ್ಯಪ್ ತೆರೆದರೆ, ತೆರೆದ ಕ್ಷಣಕ್ಕೆ ಟಣ್ ಎಂದು ಸದ್ದು. ಇಬ್ಬರೂ ಬೈಯುವುದು ನೆಟ್‌ವರ್ಕನ್ನು. ನಿಜ ಹೇಳಬೇಕೆಂದರೆ ಇಂಥ ಕಡೆ ನೆಟ್‌ವರ್ಕಿನ ತಪ್ಪು ಕಡಿಮೆ. ತಡೆ ಇರುವುದು ಹೆಚ್ಚಾಗಿ ಫೋನಿನೊಳಗೇ, ಅದೂ ಬ್ಯಾಟರಿ ಉಳಿಯಲಿ ಎಂದು ನಾವೇ ಒತ್ತಿದ ಯಾವುದೋ ಗುಂಡಿಯಲ್ಲಿ.

ಒಂದು ವಿಷಯ ತಲೆಯಲ್ಲಿದ್ದರೆ ಉಳಿದದ್ದೆಲ್ಲ ಸುಲಭ. ಮೇಲ್ ಬೇರೆ, ಮೇಲ್ ಬಂದಿದೆ ಎಂಬ ಸುದ್ದಿ ಬೇರೆ. ಎರಡೂ ಬೇರೆ ಬೇರೆ ದಾರಿಯಲ್ಲಿ ಬರುತ್ತವೆ. ಮೇಲ್ ಸರ್ವರಿನಲ್ಲಿ, ಅಂದರೆ ಮೇಲ್ ಸೇವೆ ಕೊಡುವವರ ಕಂಪ್ಯೂಟರಿನಲ್ಲಿ, ಕ್ಷೇಮವಾಗಿ ಕೂತಿದ್ದೂ ಸುದ್ದಿ ನಿಮ್ಮ ತನಕ ಬರದೇ ಇರಬಹುದು. ಸುದ್ದಿ ಎಲ್ಲಿ ನಿಂತಿತು ಎಂದು ಪತ್ತೆ ಮಾಡುವುದೇ ಇಲ್ಲಿನ ಕೆಲಸ. ಸಿಕ್ಕ ಸಿಕ್ಕ ಸೆಟ್ಟಿಂಗನ್ನೆಲ್ಲ ಆನ್ ಆಫ್ ಮಾಡುತ್ತ ಕೂತರೆ ರೋಗ ಒಂದು ಕಡೆ, ಔಷಧಿ ಇನ್ನೊಂದು ಕಡೆ ಆಗುತ್ತದೆ.

ಸುದ್ದಿ ಬರುವ ದಾರಿ

ತುಮಕೂರು ಬಸ್ ನಿಲ್ದಾಣದಲ್ಲಿ ಹದಿನೈದು ನಿಮಿಷಕ್ಕೊಮ್ಮೆ ಎದ್ದು ಹೋಗಿ ‘ಶಿರಾ ಬಸ್ ಬಂತಾ?’ ಎಂದು ಕೌಂಟರಿನಲ್ಲಿ ಕೇಳುವುದು ಒಂದು ರೀತಿ. ಕೂತಲ್ಲೇ ಕೂತು, ಕಂಡಕ್ಟರ್ ‘ಶಿರಾ, ಶಿರಾ, ಶಿರಾ’ ಎಂದು ಕೂಗಿದಾಗ ಏಳುವುದು ಇನ್ನೊಂದು ರೀತಿ. ಮೊದಲನೆಯದಕ್ಕೆ ಮೇಲ್ ಆ್ಯಪ್‌ಗಳಲ್ಲಿ ಫೆಚ್ ಅನ್ನುತ್ತಾರೆ, ಕೆಲವು ಕಡೆ ಪೋಲ್ ಅಂತಲೂ ಇರುತ್ತದೆ. ಎರಡನೆಯದು ಪುಶ್.

ಪಾಪ್3 ಎಂಬ ಹಳೆಯ ಪದ್ಧತಿಯಲ್ಲಿ ಕೂಗುವವರೇ ಇಲ್ಲ. ಫೋನ್ ತಾನಾಗಿ ಹೋಗಿ ಕೇಳಬೇಕು, ಮೇಲ್ ಇದ್ದರೆ ಇಳಿಸಿಕೊಂಡು ಬರಬೇಕು. ಮೇಲನ್ನು ಸರ್ವರಿನಲ್ಲೇ ಇಟ್ಟು ನೋಡುವ ಐಮ್ಯಾಪ್ ಪದ್ಧತಿ ಅದಕ್ಕಿಂತ ವಾಸಿ. ಅದಕ್ಕೆ 1997ರಲ್ಲಿ ಐಡಲ್ ಎಂಬ ಸೌಲಭ್ಯ ಸೇರಿತು. ಫೋನ್ ಸರ್ವರಿಗೆ ‘ನಾನು ಲೈನಿನಲ್ಲೇ ಇರುತ್ತೇನೆ, ಏನಾದರೂ ಬಂದರೆ ಹೇಳು’ ಎಂದು ಹೇಳಿ ಸುಮ್ಮನಾಗುತ್ತದೆ. ಅರ್ಧ ಗಂಟೆ ಮಾತೇ ಇಲ್ಲದಿದ್ದರೆ ಸರ್ವರ್ ಲೈನ್ ಕಡಿದುಹಾಕಬಹುದು. ಹಾಗಾಗಿ 29 ನಿಮಿಷಕ್ಕೊಮ್ಮೆಯಾದರೂ ಫೋನ್ ಮತ್ತೆ ಕೇಳಿಕೊಳ್ಳಬೇಕು ಎಂದು ಆ ನಿಯಮದಲ್ಲೇ ಬರೆದಿದೆ. ಕಚೇರಿಗಳಲ್ಲಿ ಬಳಸುವ ಮೈಕ್ರೋಸಾಫ್ಟ್‌ನ ಎಕ್ಸ್‌ಚೇಂಜ್ ಮೇಲ್ ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಫೋನ್ ಒಂದು ಪ್ರಶ್ನೆ ಕೇಳುತ್ತದೆ, ಮೇಲ್ ಬರುವ ತನಕ ಸರ್ವರ್ ಉತ್ತರ ಕೊಡದೆ ಹಿಡಿದಿಟ್ಟುಕೊಳ್ಳುತ್ತದೆ.

ತೊಂದರೆ ಏನೆಂದರೆ, ಫೋನಿನಲ್ಲಿರುವ ಪ್ರತಿ ಆ್ಯಪ್ಪೂ ಹೀಗೆ ತನ್ನದೇ ಲೈನ್ ಹಿಡಿದು ಕೂತರೆ ಬ್ಯಾಟರಿ ಮಧ್ಯಾಹ್ನಕ್ಕೇ ಮುಗಿದುಹೋಗುತ್ತದೆ. ಅದಕ್ಕೇ ಆ್ಯಪಲ್ 2009ರಲ್ಲಿ ಎಲ್ಲ ಆ್ಯಪ್‌ಗಳಿಗೂ ಸೇರಿ ಒಂದೇ ಲೈನ್ ಎಂಬ ವ್ಯವಸ್ಥೆ ತಂದಿತು. ಗೂಗಲ್ 2010ರಲ್ಲಿ ಅದೇ ದಾರಿ ಹಿಡಿಯಿತು. ಅದರ ಹೆಸರು ಎರಡು ಸಲ ಬದಲಾಗಿ 2016ರಿಂದ ಫೈರ್‌ಬೇಸ್ ಕ್ಲೌಡ್ ಮೆಸೇಜಿಂಗ್ ಅಂತಾಗಿದೆ. ಆ್ಯಂಡ್ರಾಯ್ಡ್ ಫೋನಿನಲ್ಲಿ ಈ ಲೈನನ್ನು ಹಿಡಿದುಕೊಂಡಿರುವುದು ಗೂಗಲ್ ಪ್ಲೇ ಸರ್ವೀಸಸ್ ಎಂಬ, ಯಾರೂ ಎಂದೂ ತೆರೆದು ನೋಡದ ಆ್ಯಪ್.

ಈಗ ಇಡೀ ದಾರಿ ನೋಡಿ. ಕಳಿಸಿದವರ ಸರ್ವರಿನಿಂದ ಮೇಲ್ ನಿಮ್ಮ ಖಾತೆಯ ಸರ್ವರಿಗೆ ಬರುತ್ತದೆ. ಆ ಸರ್ವರ್ ಗೂಗಲ್ ಅಥವಾ ಆ್ಯಪಲ್‌ನ ಪುಶ್ ವ್ಯವಸ್ಥೆಗೆ ಒಂದು ಚೀಟಿ ಕೊಡುತ್ತದೆ. ಚೀಟಿ ಫೋನಿಗೆ ಬರುತ್ತದೆ, ಫೋನ್ ಆ್ಯಪನ್ನು ಎಬ್ಬಿಸುತ್ತದೆ, ಆ್ಯಪ್ ಸರ್ವರಿಗೆ ಹೋಗಿ ಮೇಲನ್ನು ಇಳಿಸಿಕೊಳ್ಳುತ್ತದೆ, ಆಮೇಲೆ ಪರದೆಯ ಮೇಲೆ ತೋರಿಸುತ್ತದೆ. ಆ ಚೀಟಿಯ ಗಾತ್ರಕ್ಕೆ ಎರಡೂ ಕಡೆ ಸುಮಾರು 4 ಕೆಬಿ ಮಿತಿ. ಐದು ಎಂಬಿಯ ಪಿಡಿಎಫ್ ಅದರಲ್ಲಿ ಹಿಡಿಸುವ ಮಾತೇ ಇಲ್ಲ. ‘ನೋಟಿಫಿಕೇಶನ್ ಬಂತು, ಒತ್ತಿದರೆ ಮೇಲ್ ತೆರೆಯುತ್ತಿಲ್ಲ’ ಎಂಬ ದೂರಿಗೆ ಕಾರಣ ಇದೇ. ಚೀಟಿ ಬಂದಿದೆ, ಸರಕು ಇನ್ನೂ ಬಂದಿಲ್ಲ.

ಮೊದಲು ಪತ್ತೆ, ಆಮೇಲೆ ರಿಪೇರಿ

ತಡವಾಗಿ ಕಂಡ ಒಂದು ಮೇಲನ್ನು ಹಿಡಿದುಕೊಳ್ಳಿ. ಅದು ಸರ್ವರಿಗೆ ಬಂದದ್ದೇ ತಡವೋ, ಅಥವಾ ಸರ್ವರಿನಿಂದ ನಿಮಗೆ ತಿಳಿದದ್ದು ತಡವೋ ಎಂದು ನೋಡಬೇಕು. ಜಿಮೇಲ್ ಆದರೆ ಕಂಪ್ಯೂಟರಿನ ಬ್ರೌಸರಿನಲ್ಲಿ ಆ ಮೇಲ್ ತೆರೆದು, ಬಲಗಡೆಯ ಮೂರು ಚುಕ್ಕಿ ಒತ್ತಿ, ‘ಶೋ ಒರಿಜಿನಲ್’ ಆರಿಸಿ. ಮೇಲುಗಡೆಯೇ ಮೇಲ್ ಹುಟ್ಟಿದ ಸಮಯವೂ ಎಷ್ಟು ಸೆಕೆಂಡಿಗೆ ತಲುಪಿತು ಎಂಬುದೂ ಇರುತ್ತದೆ. ಮೂರು ಸೆಕೆಂಡು ಎಂದಿದ್ದರೆ ಕಳಿಸಿದವರದ್ದೂ ಸರ್ವರಿನದ್ದೂ ತಪ್ಪಿಲ್ಲ, ತೊಂದರೆ ಇರುವುದು ಸರ್ವರಿನಿಂದ ಈಚಿನ ದಾರಿಯಲ್ಲಿ. ಎರಡು ಸಾವಿರ ಸೆಕೆಂಡು ಎಂದಿದ್ದರೆ ನಿಮ್ಮ ಫೋನನ್ನು ಮುಟ್ಟುವುದೇ ಬೇಡ. ಗುರುತಿಲ್ಲದ ಸರ್ವರಿನಿಂದ ಬಂದ ಮೇಲನ್ನು ಕೆಲವು ಸರ್ವರುಗಳು ‘ಸ್ವಲ್ಪ ತಡೆದು ಮತ್ತೆ ಬಾ’ ಎಂದು ಬೇಕೆಂದೇ ಹಿಂದಕ್ಕೆ ಕಳಿಸುತ್ತವೆ, ಸ್ಪ್ಯಾಮ್ ಹಾವಳಿ ತಪ್ಪಿಸಲು. ಸಣ್ಣ ಕಂಪನಿಗಳ ಮೇಲ್ ಅರ್ಧ ಗಂಟೆ ತಡವಾಗುವುದು ಹೀಗೂ ಉಂಟು.

ಇನ್ನೊಂದು ಪರೀಕ್ಷೆ ಇನ್ನೂ ಸುಲಭ. ಮೇಲ್ ತಡವಾಗುವ ಹೊತ್ತಿನಲ್ಲಿ ವಾಟ್ಸ್ಆ್ಯಪ್ ಸಂದೇಶಗಳೂ ತಡವಾಗುತ್ತವೆಯೇ? ಹೌದಾದರೆ ಫೋನಿನ ಸಂಪರ್ಕದಲ್ಲಿ ಅಥವಾ ಪುಶ್ ಲೈನಿನಲ್ಲೇ ಏನೋ ಇದೆ. ವಾಟ್ಸ್ಆ್ಯಪ್ ಥಟ್ಟನೆ ಬಂದು ಮೇಲ್ ಮಾತ್ರ ತಡವಾದರೆ ಮೇಲ್ ಆ್ಯಪಿನ ಸೆಟ್ಟಿಂಗ್ ನೋಡಿ.

ಇದಾದ ಮೇಲೆ ಒಂದು ಪ್ರಯೋಗ. ಇದನ್ನು ಬಹಳ ಜನ ತಪ್ಪಾಗಿ ಮಾಡುತ್ತಾರೆ. ಫೋನನ್ನು ಚಾರ್ಜಿಗೆ ಹಾಕಿ, ಪರದೆ ಆನ್ ಇಟ್ಟುಕೊಂಡು, ತಮ್ಮ ಖಾತೆಯಿಂದ ತಮ್ಮ ಖಾತೆಗೇ ಒಂದು ಮೇಲ್ ಕಳಿಸಿ ‘ಸರಿಯಾಗೇ ಇದೆಯಲ್ಲ’ ಅನ್ನುತ್ತಾರೆ. ಚಾರ್ಜ್ ಆಗುತ್ತಿರುವ ಫೋನಿಗೆ, ಬ್ಯಾಟರಿ ಉಳಿಸಲು ಆ್ಯಪ್‌ಗಳನ್ನು ಮಲಗಿಸುವ ನಿದ್ದೆಯ ನಿಯಮಗಳು ಅನ್ವಯಿಸುವುದೇ ಇಲ್ಲ. ಸರಿಯಾದ ರೀತಿ ಹೀಗೆ: ಚಾರ್ಜರ್ ತೆಗೆಯಿರಿ, ಪರದೆ ಆರಿಸಿ, ಫೋನನ್ನು ಮೇಜಿನ ಮೇಲೆ ಅಲುಗಾಡದಂತೆ ಒಂದು ಗಂಟೆ ಬಿಡಿ. ಆಮೇಲೆ ಮನೆಯವರದ್ದೋ ಸ್ನೇಹಿತರದ್ದೋ ಖಾತೆಯಿಂದ ಮೇಲ್ ಕಳಿಸಿ. ಫೋನನ್ನು ಮುಟ್ಟದೆ ಕಾಯಿರಿ. ಒಮ್ಮೆ ಮನೆಯ ವೈಫೈನಲ್ಲಿ, ಒಮ್ಮೆ ಮೊಬೈಲ್ ಡೇಟಾದಲ್ಲಿ. ಇವೆರಡರ ಫಲಿತಾಂಶ ಬೇರೆ ಬೇರೆ ಬಂದರೆ ಅರ್ಧ ಪತ್ತೆ ಮುಗಿಯಿತು.

ಆ್ಯಂಡ್ರಾಯ್ಡ್‌ನಲ್ಲಿ ಜಿಮೇಲ್

ಮೊದಲು ಅನುಮತಿ. 2022ರಲ್ಲಿ ಬಂದ ಆ್ಯಂಡ್ರಾಯ್ಡ್ 13ರಿಂದ ಈಚೆಗೆ, ಪ್ರತಿ ಆ್ಯಪ್ಪೂ ನೋಟಿಫಿಕೇಶನ್ ತೋರಿಸಲು ನಿಮ್ಮನ್ನು ಕೇಳಬೇಕು. ಹೊಸ ಫೋನ್ ತಂದ ದಿನ ಒಂದರ ಮೇಲೊಂದು ಬರುವ ಆ ಚೌಕಗಳಿಗೆಲ್ಲ ಓದದೆ ‘ಡೋಂಟ್ ಅಲೌ’ ಒತ್ತಿದವರು ಎಷ್ಟೋ ಜನ. ಸೆಟ್ಟಿಂಗ್ಸ್ > ಆ್ಯಪ್ಸ್ > ಜಿಮೇಲ್ > ನೋಟಿಫಿಕೇಶನ್ಸ್ ತೆರೆದು ಆನ್ ಇದೆಯೇ ನೋಡಿ. ಅದೇ ಪುಟದಲ್ಲಿ ಕೆಳಗೆ ನಿಮ್ಮ ಪ್ರತಿ ಖಾತೆಯ ಹೆಸರಿನಲ್ಲೂ ಬೇರೆ ಬೇರೆ ಸಾಲುಗಳಿರುತ್ತವೆ. ಮೇಲಿನ ದೊಡ್ಡ ಸ್ವಿಚ್ ಆನ್ ಇದ್ದು, ಒಳಗಿನ ‘ಮೇಲ್’ ಎಂಬ ಸಾಲು ಆಫ್ ಅಥವಾ ‘ಸೈಲೆಂಟ್’ ಆಗಿರುವುದೂ ಉಂಟು.

ಆಮೇಲೆ ಜಿಮೇಲ್ ಆ್ಯಪ್ ತೆರೆದು ಎಡಗಡೆಯ ಮೂರು ಗೆರೆ, ಕೊನೆಯಲ್ಲಿ ಸೆಟ್ಟಿಂಗ್ಸ್, ಅಲ್ಲಿ ನಿಮ್ಮ ಖಾತೆ. ‘ಸಿಂಕ್ ಜಿಮೇಲ್’ ಎಂಬಲ್ಲಿ ಟಿಕ್ ಇರಬೇಕು. ‘ನೋಟಿಫಿಕೇಶನ್ಸ್’ ಒತ್ತಿದರೆ ಮೂರು ಆಯ್ಕೆ: ಆಲ್, ಹೈ ಪ್ರಯಾರಿಟಿ ಓನ್ಲಿ, ನನ್. ಹೈ ಪ್ರಯಾರಿಟಿ ಇದ್ದರೆ ಯಾವುದು ಮುಖ್ಯ ಎಂದು ನಿರ್ಧರಿಸುವುದು ಗೂಗಲ್, ನೀವಲ್ಲ. ಅಪರಿಚಿತ ಕಂಪನಿಯ ಸಂದರ್ಶನದ ಕರೆ ಅದರ ಕಣ್ಣಿಗೆ ಮುಖ್ಯವಾಗಿ ಕಾಣಬೇಕೆಂದೇನೂ ಇಲ್ಲ.

ಕೆಲಸ ಹುಡುಕುವ ಹುಡುಗರು ಇಲ್ಲಿ ಇನ್ನೊಂದು ಕಡೆ ಸಿಕ್ಕಿಬೀಳುತ್ತಾರೆ. ಜಿಮೇಲ್ ಬಂದ ಮೇಲನ್ನು ಪ್ರೈಮರಿ, ಪ್ರಮೋಷನ್ಸ್, ಸೋಶಿಯಲ್, ಅಪ್‌ಡೇಟ್ಸ್ ಎಂದು ವಿಂಗಡಿಸುತ್ತದೆ. ಮೊದಲಿನಿಂದ ಇದ್ದಂತೆ ಬಿಟ್ಟರೆ ಸದ್ದಾಗುವುದು ಪ್ರೈಮರಿಗೆ ಮಾತ್ರ. ಕಾಲೇಜಿನ ಪ್ಲೇಸ್‌ಮೆಂಟ್ ವಿಭಾಗ ಒಂದೇ ಏಟಿಗೆ ನೂರಾರು ಜನರಿಗೆ ಕಳಿಸುವ ಮೇಲ್, ಉದ್ಯೋಗ ಜಾಲತಾಣಗಳ ಮೂಲಕ ಬರುವ ಕರೆ, ಇವೆಲ್ಲ ಅಪ್‌ಡೇಟ್ಸ್‌ಗೋ ಪ್ರಮೋಷನ್ಸ್‌ಗೋ ಹೋಗಿ ಬೀಳುವುದು ಸಾಮಾನ್ಯ. ಅಲ್ಲಿ ಸದ್ದಿಲ್ಲ, ಸುಳಿವಿಲ್ಲ. ಅದೇ ಖಾತೆಯ ಸೆಟ್ಟಿಂಗ್ಸ್‌ನಲ್ಲಿ ‘ಮ್ಯಾನೇಜ್ ಲೇಬಲ್ಸ್’ ತೆರೆದು ಅಪ್‌ಡೇಟ್ಸ್ ಒತ್ತಿ, ಅದಕ್ಕೂ ನೋಟಿಫಿಕೇಶನ್ ಆನ್ ಮಾಡಬಹುದು. ಪ್ರಮೋಷನ್ಸ್‌ಗೆ ಮಾಡಬೇಡಿ, ಬಟ್ಟೆ ಅಂಗಡಿಯ ರಿಯಾಯಿತಿಗಳು ರಾತ್ರಿ ಹನ್ನೊಂದಕ್ಕೆ ಎಬ್ಬಿಸುತ್ತವೆ. ಅದರೊಳಗೆ ಬಂದು ಬಿದ್ದ ಉಪಯೋಗದ ಮೇಲನ್ನು ಮಾತ್ರ ಪ್ರೈಮರಿಗೆ ಸರಿಸಿ. ಒಂದೆರಡು ಸಲ ಹಾಗೆ ಮಾಡಿದರೆ ಅದೇ ವಿಳಾಸದವು ಮುಂದೆ ನೆಟ್ಟಗೆ ಪ್ರೈಮರಿಗೇ ಬರತೊಡಗುತ್ತವೆ.

ಲೇಬಲ್ ಪುಟದಲ್ಲೇ ‘ನೋಟಿಫೈ ಫಾರ್ ಎವ್ರಿ ಮೆಸೇಜ್’ ಎಂಬ ಚಿಕ್ಕ ಟಿಕ್ ಇದೆ. ಅದು ಇಲ್ಲದಿದ್ದರೆ ಮೊದಲ ಮೇಲ್‌ಗೆ ಸದ್ದಾಗಿ, ನೀವು ನೋಡುವ ತನಕ ಅದರ ಹಿಂದೆ ಬಂದವು ಸುಮ್ಮನೆ ಕೂರುತ್ತವೆ. ‘ಒಂದಕ್ಕೆ ಬರುತ್ತೆ, ಒಂದಕ್ಕೆ ಬರಲ್ಲ’ ಅನ್ನುವವರು ಮೊದಲು ನೋಡಬೇಕಾದ ಜಾಗ ಇದು.

ಕೊನೆಗೆ, ಫೋನಿನ ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ಸ್ ತೆರೆದು ‘ಆಟೋ ಸಿಂಕ್’ ಅಥವಾ ‘ಆಟೋಮ್ಯಾಟಿಕಲಿ ಸಿಂಕ್ ಆ್ಯಪ್ ಡೇಟಾ’ ಆನ್ ಇದೆಯೇ ನೋಡಿ. ಡೇಟಾ ಉಳಿಸಲು ಯಾರೋ ಹೇಳಿದರೆಂದು ಆಫ್ ಮಾಡಿ ಮರೆತುಬಿಡುವ ಗುಂಡಿ ಇದು.

ಬ್ಯಾಟರಿಯ ಜಿಪುಣತನ

ಮೇಲಿನದೆಲ್ಲ ಸರಿಯಿದ್ದೂ ಮೇಲ್ ತಡವಾಗುತ್ತಿದ್ದರೆ ಕಾರಣ ಇಲ್ಲೇ ಇರುವ ಸಂಭವ ಹೆಚ್ಚು.

2015ರ ಆ್ಯಂಡ್ರಾಯ್ಡ್ 6ರಲ್ಲಿ ಡೋಜ್ ಎಂಬ ನಿದ್ದೆ ಬಂತು. ಚಾರ್ಜ್ ಇಲ್ಲದೆ, ಪರದೆ ಆರಿ, ಫೋನ್ ಅಲುಗದೆ ಸ್ವಲ್ಪ ಹೊತ್ತು ಬಿದ್ದಿದ್ದರೆ ಅದು ಆ್ಯಪ್‌ಗಳ ನೆಟ್ ಸಂಪರ್ಕವನ್ನು ಕಟ್ ಮಾಡಿ, ಆಗಾಗ ಒಂದು ಚಿಕ್ಕ ಕಿಂಡಿ ತೆರೆಯುತ್ತದೆ. ಕಿಂಡಿ ತೆರೆದಾಗ ಎಲ್ಲರೂ ತಮ್ಮ ಬಾಕಿ ಕೆಲಸ ಮುಗಿಸಿಕೊಳ್ಳಬೇಕು. ರಾತ್ರಿ ಹೊತ್ತಾದಂತೆ ಕಿಂಡಿಗಳ ನಡುವಿನ ಅಂತರ ಹೆಚ್ಚುತ್ತ ಹೋಗುತ್ತದೆ. ಪುಶ್ ಚೀಟಿಗಳಲ್ಲಿ ‘ಹೈ ಪ್ರಯಾರಿಟಿ’ ಗುರುತು ಇದ್ದವು ಮಾತ್ರ ನಿದ್ದೆಯಲ್ಲೂ ಫೋನನ್ನು ಎಬ್ಬಿಸಬಲ್ಲವು. ಸಾಮಾನ್ಯ ಗುರುತಿನವು ಕಿಂಡಿಗೆ ಕಾಯುತ್ತವೆ. ಆ್ಯಂಡ್ರಾಯ್ಡ್ 9ರಿಂದ ಇನ್ನೊಂದು ಲೆಕ್ಕವೂ ಸೇರಿತು: ನೀವು ಯಾವ ಆ್ಯಪನ್ನು ಅಪರೂಪಕ್ಕೆ ತೆರೆಯುತ್ತೀರೋ ಅದಕ್ಕೆ ಹಿನ್ನೆಲೆಯಲ್ಲಿ ಕೆಲಸ ಮಾಡುವ ಅವಕಾಶವೂ ಅಪರೂಪ. ವಾರಕ್ಕೊಮ್ಮೆ ತೆರೆಯುವ ಎರಡನೇ ಮೇಲ್ ಆ್ಯಪ್ ಮಂಕಾಗಿ ಕೂರುವುದು ಇದರಿಂದಲೇ.

ಇಷ್ಟು ಗೂಗಲ್‌ನ ನಿಯಮ. ಇದರ ಮೇಲೆ ಫೋನ್ ಕಂಪನಿಗಳದ್ದು ಬೇರೆ. ಸ್ಯಾಮ್‌ಸಂಗ್‌ನಲ್ಲಿ ಸೆಟ್ಟಿಂಗ್ಸ್ > ಬ್ಯಾಟರಿ > ಬ್ಯಾಕ್‌ಗ್ರೌಂಡ್ ಯೂಸೇಜ್ ಲಿಮಿಟ್ಸ್ ತೆರೆದರೆ ಸ್ಲೀಪಿಂಗ್ ಆ್ಯಪ್ಸ್, ಡೀಪ್ ಸ್ಲೀಪಿಂಗ್ ಆ್ಯಪ್ಸ್ ಎಂಬ ಪಟ್ಟಿಗಳಿವೆ. ಡೀಪ್ ಪಟ್ಟಿಗೆ ಬಿದ್ದ ಆ್ಯಪ್ ನೀವಾಗಿ ತೆರೆಯುವ ತನಕ ಉಸಿರಾಡುವುದಿಲ್ಲ. ನಿಮ್ಮ ಮೇಲ್ ಆ್ಯಪನ್ನು ಅಲ್ಲಿಂದ ತೆಗೆದು, ಎಂದೂ ಮಲಗಿಸಬಾರದವುಗಳ ಪಟ್ಟಿಗೆ ಹಾಕಿ. ಶವೋಮಿ, ರೆಡ್‌ಮಿ ಫೋನುಗಳಲ್ಲಿ ಆ ಆ್ಯಪಿನ ಮಾಹಿತಿ ಪುಟದಲ್ಲಿ ‘ಆಟೋಸ್ಟಾರ್ಟ್’ ಆನ್ ಮಾಡಿ, ‘ಬ್ಯಾಟರಿ ಸೇವರ್’ನಲ್ಲಿ ‘ನೋ ರಿಸ್ಟ್ರಿಕ್ಷನ್ಸ್’ ಆರಿಸಿ. ಒಪ್ಪೊ, ರಿಯಲ್‌ಮಿ, ವಿವೋಗಳಲ್ಲಿ ಹೆಸರು ಸ್ವಲ್ಪ ಬೇರೆ, ಮಾತು ಅದೇ: ಆಟೋ ಲಾಂಚ್‌ಗೂ ಹಿನ್ನೆಲೆ ಚಟುವಟಿಕೆಗೂ ಒಪ್ಪಿಗೆ ಕೊಡಿ. ಉಳಿದ ಫೋನುಗಳಲ್ಲಿ ಸೆಟ್ಟಿಂಗ್ಸ್ > ಆ್ಯಪ್ಸ್ > ಜಿಮೇಲ್ > ಬ್ಯಾಟರಿ ತೆರೆದು ‘ಅನ್‌ರಿಸ್ಟ್ರಿಕ್ಟೆಡ್’ ಮಾಡಿದರೆ ಸಾಕು.

ಬಹಳ ಜನಕ್ಕೆ ಗೊತ್ತಿಲ್ಲದ ಮಾತೊಂದಿದೆ. ‘ಫೋರ್ಸ್ ಸ್ಟಾಪ್’ ಒತ್ತಿದ ಆ್ಯಪಿಗೆ ಪುಶ್ ಬರುವುದೇ ನಿಂತುಹೋಗುತ್ತದೆ, ನೀವು ಮತ್ತೆ ಕೈಯಾರೆ ತೆರೆಯುವ ತನಕ. ಇದು ತಪ್ಪಲ್ಲ, ಆ್ಯಂಡ್ರಾಯ್ಡ್ ಇರುವುದೇ ಹಾಗೆ. ‘ರ‍್ಯಾಮ್ ಬೂಸ್ಟರ್’, ‘ಫೋನ್ ಕ್ಲೀನರ್’ ಎಂಬ ಹೆಸರಿನ ಆ್ಯಪ್‌ಗಳು ಹಿನ್ನೆಲೆಯಲ್ಲಿರುವ ಆ್ಯಪ್‌ಗಳನ್ನು ಕೊಲ್ಲುವುದನ್ನೇ ಸೇವೆ ಎಂದು ತೋರಿಸಿಕೊಳ್ಳುತ್ತವೆ. ಇವುಗಳಿಂದ ಯಾವ ಫೋನೂ ಉದ್ಧಾರವಾದದ್ದನ್ನು ನಾನು ಕಾಣೆ. ಕಿತ್ತುಹಾಕಿ. ಇತ್ತೀಚಿನ ಆ್ಯಪ್‌ಗಳ ಪಟ್ಟಿಯಿಂದ ಒಂದನ್ನು ಬೆರಳಿನಿಂದ ತಳ್ಳುವುದು ಫೋರ್ಸ್ ಸ್ಟಾಪ್ ಅಲ್ಲ, ಗೂಗಲ್‌ನ ಮೂಲ ಆ್ಯಂಡ್ರಾಯ್ಡ್‌ನಲ್ಲಿ ಅದರಿಂದ ಪುಶ್ ನಿಲ್ಲುವುದಿಲ್ಲ. ಕೆಲವು ಕಂಪನಿಗಳ ಫೋನುಗಳು ಮಾತ್ರ ತಳ್ಳಿದ್ದನ್ನೂ ಕೊಂದ ಹಾಗೇ ಲೆಕ್ಕ ಹಿಡಿಯುತ್ತವೆ. ಆದ್ದರಿಂದ ಮೇಲ್ ಆ್ಯಪನ್ನು ತಳ್ಳುವ ಅಭ್ಯಾಸ ಬಿಡುವುದು ಮೇಲು.

ಗೂಗಲ್ ಪ್ಲೇ ಸರ್ವೀಸಸ್ ಬ್ಯಾಟರಿ ತಿನ್ನುತ್ತಿದೆ ಎಂದು ಪಟ್ಟಿಯಲ್ಲಿ ಕಂಡು ಅದಕ್ಕೆ ಕಡಿವಾಣ ಹಾಕಿದ್ದರೆ ಇಂದೇ ಬಿಚ್ಚಿ. ಎಲ್ಲ ಆ್ಯಪ್‌ಗಳ ಸುದ್ದಿಯೂ ಆ ಒಂದು ಬಾಗಿಲಿನಿಂದಲೇ ಒಳಗೆ ಬರುವುದು.

ಡೇಟಾ ಸೇವರ್ ಆನ್ ಇಟ್ಟುಕೊಂಡಿರುವವರು ಅದನ್ನು ಆಫ್ ಮಾಡಲೇಬೇಕೆಂದಿಲ್ಲ. ಆ ಪುಟದಲ್ಲಿ ‘ಅನ್‌ರಿಸ್ಟ್ರಿಕ್ಟೆಡ್ ಡೇಟಾ’ ಎಂಬ ಪಟ್ಟಿಗೆ ಮೇಲ್ ಆ್ಯಪನ್ನು ಸೇರಿಸಿದರೆ ಆಯಿತು.

ಐಫೋನ್ ಇದ್ದವರಿಗೆ

ಇಲ್ಲಿ ಗೋಜಲು ಕಡಿಮೆ, ಆದರೆ ಒಂದು ದೊಡ್ಡ ಹಳ್ಳ ಇದೆ. ಐಫೋನಿನ ಜೊತೆಗೇ ಬರುವ ಮೇಲ್ ಆ್ಯಪಿಗೆ ಜಿಮೇಲ್ ಖಾತೆ ಸೇರಿಸಿದರೆ ಪುಶ್ ಸಿಗುವುದಿಲ್ಲ. ಮೊದಲು ಸಿಗುತ್ತಿತ್ತು, ಎಕ್ಸ್‌ಚೇಂಜ್ ದಾರಿಯಲ್ಲಿ. ಉಚಿತ ಖಾತೆಗಳಿಗೆ ಹೊಸದಾಗಿ ಆ ದಾರಿ ಹಾಕಿಕೊಳ್ಳುವುದನ್ನು ಗೂಗಲ್ 2013ರ ಜನವರಿ ಕೊನೆಗೆ ನಿಲ್ಲಿಸಿತು. ಐಕ್ಲೌಡ್‌ಗೂ ಎಕ್ಸ್‌ಚೇಂಜ್ ಖಾತೆಗೂ ಪುಶ್ ಇದೆ.

ನೋಡುವ ಜಾಗ: ಸೆಟ್ಟಿಂಗ್ಸ್ > ಆ್ಯಪ್ಸ್ > ಮೇಲ್ > ಮೇಲ್ ಅಕೌಂಟ್ಸ್ > ಫೆಚ್ ನ್ಯೂ ಡೇಟಾ. ಐಓಎಸ್ 18ಕ್ಕಿಂತ ಹಳೆಯದಾದರೆ ನಡುವಿನ ‘ಆ್ಯಪ್ಸ್’ ಇರುವುದಿಲ್ಲ. ಅಲ್ಲಿ ಪ್ರತಿ ಖಾತೆಯ ಮುಂದೆ ಪುಶ್, ಫೆಚ್, ಮ್ಯಾನುಯಲ್ ಎಂದು ಬರೆದಿರುತ್ತದೆ. ಫೆಚ್ ಆದರೆ ಕೆಳಗಿನ ವೇಳಾಪಟ್ಟಿ ನೋಡಿ. ‘ಆಟೋಮ್ಯಾಟಿಕಲಿ’ ಎಂದಿದ್ದರೆ, ಫೋನ್ ಚಾರ್ಜಿನಲ್ಲೂ ವೈಫೈನಲ್ಲೂ ಇದ್ದಾಗ ಮಾತ್ರ ಹಿನ್ನೆಲೆಯಲ್ಲಿ ಮೇಲ್ ತರುತ್ತದೆ. ಹೆಸರು ನೋಡಿ ಮೋಸ ಹೋಗಬೇಡಿ. ಹದಿನೈದು ನಿಮಿಷಕ್ಕೆ ಇಡಿ, ಇಲ್ಲವೇ ಜಿಮೇಲ್‌ನದೇ ಆ್ಯಪ್ ಹಾಕಿಕೊಳ್ಳಿ. ಅದಕ್ಕೆ ಪುಶ್ ಬರುತ್ತದೆ. ನನ್ನ ಸಲಹೆ ಎರಡನೆಯದೇ.

ಲೋ ಪವರ್ ಮೋಡ್ ಆನ್ ಆದರೆ ಫೆಚ್ ನಿಲ್ಲುತ್ತದೆ. ಬ್ಯಾಟರಿ ಚಿಹ್ನೆ ಹಳದಿ ಇದ್ದಾಗ ಮೇಲ್ ಬರಲಿಲ್ಲವೆಂದು ಗೊಣಗಿ ಫಲವಿಲ್ಲ. ಐಓಎಸ್ 15ರಿಂದ ಇರುವ ಫೋಕಸ್ (ಆಯ್ದ ಹೊತ್ತಿನಲ್ಲಿ ನೋಟಿಫಿಕೇಶನ್ ತಡೆಯುವುದು), ಶೆಡ್ಯೂಲ್ಡ್ ಸಮ್ಮರಿ ಎರಡನ್ನೂ ನೋಡಿ. ಸಮ್ಮರಿಯಲ್ಲಿ ಮೇಲ್ ಆ್ಯಪ್ ಸೇರಿಕೊಂಡಿದ್ದರೆ ದಿನಕ್ಕೆ ಒಂದೆರಡು ಹೊತ್ತು ಗೊತ್ತುಮಾಡಿದ ಸಮಯಕ್ಕೆ ಎಲ್ಲ ಒಟ್ಟಿಗೆ ಬರುತ್ತವೆ.

ಸ್ವಂತ ಡೊಮೈನ್ ಇರುವ ವ್ಯಾಪಾರಿಗಳ ಪಾಡು

ತಿಪಟೂರಿನ ವ್ಯಾಪಾರಿಯ ಸಂಗತಿ ಬೇರೆ. ಅವರಿಗೆ ಅಂಗಡಿಯ ಹೆಸರಿನಲ್ಲಿ ಡೊಮೈನ್, ಅಂದರೆ ಸ್ವಂತ ವೆಬ್ ವಿಳಾಸ ಇದೆ, ವೆಬ್‌ಸೈಟ್ ಮಾಡಿಕೊಟ್ಟವರು ಅದನ್ನು ಇಟ್ಟಿರುವ ಬಾಡಿಗೆ ಸರ್ವರಿನಲ್ಲೇ, ಅದೇ ಹೋಸ್ಟಿಂಗ್‌ನಲ್ಲಿ ಒಂದು ಮೇಲ್ ವಿಳಾಸವನ್ನೂ ಕೊಟ್ಟಿದ್ದಾರೆ. ಅದನ್ನು ಫೋನಿನ ಜಿಮೇಲ್ ಆ್ಯಪಿಗೇ ಸೇರಿಸಿಕೊಂಡು, ಜಿಮೇಲ್‌ನಂತೆಯೇ ಇದೂ ಥಟ್ಟನೆ ಬರುತ್ತದೆ ಎಂದುಕೊಂಡಿದ್ದಾರೆ. ಬರುವುದಿಲ್ಲ. ಆ್ಯಂಡ್ರಾಯ್ಡ್‌ನ ಜಿಮೇಲ್ ಆ್ಯಪ್ ಇಂಥ ಹೊರಗಿನ ಐಮ್ಯಾಪ್, ಪಾಪ್ ಖಾತೆಗಳನ್ನು ಗೊತ್ತಾದ ಹೊತ್ತಿಗೆ ಹೋಗಿ ಕೇಳುತ್ತದೆ ಅಷ್ಟೆ. ಆ ಖಾತೆಯ ಸೆಟ್ಟಿಂಗ್ಸ್‌ನಲ್ಲಿ ‘ಸಿಂಕ್ ಫ್ರೀಕ್ವೆನ್ಸಿ’ ನೋಡಿ. ಅಲ್ಲಿರುವ ಅತಿ ಚುರುಕಿನ ಆಯ್ಕೆಯೇ ಹದಿನೈದು ನಿಮಿಷ. ಮೇಲೆ ಹೇಳಿದ ಬ್ಯಾಟರಿ ನಿದ್ದೆ ಸೇರಿದರೆ ಹದಿನೈದು ಎಂಬುದು ಒಂದು ಗಂಟೆಯೂ ಆದೀತು.

ದರ ಗಂಟೆಗೊಂದು ರೀತಿ ಏರಿಳಿಯುವ ವ್ಯಾಪಾರದಲ್ಲಿ ಇದು ಸಣ್ಣ ವಿಷಯವಲ್ಲ. ಮಾಡಬೇಕಾದ್ದು ಇಷ್ಟು. ಮೊದಲು ಖಾತೆ ಪಾಪ್‌ನಲ್ಲಿದೆಯೋ ಐಮ್ಯಾಪ್‌ನಲ್ಲಿದೆಯೋ ನೋಡಿ. ಪಾಪ್ ಆದರೆ ತೆಗೆದು ಐಮ್ಯಾಪ್ ಆಗಿ ಸೇರಿಸಿ. ತೆಗೆಯುವ ಮುಂಚೆ ಒಂದು ಎಚ್ಚರಿಕೆ: ಪಾಪ್‌ನಲ್ಲಿ ಮೇಲ್ ಇಳಿಸಿಕೊಂಡ ಮೇಲೆ ಸರ್ವರಿನಿಂದ ಅಳಿಸುವ ಆಯ್ಕೆ ಇದ್ದಿದ್ದರೆ ಹಳೆಯ ಮೇಲ್‌ಗಳು ಆ ಫೋನಿನಲ್ಲಿ ಮಾತ್ರ ಇರುತ್ತವೆ. ಅವನ್ನು ಮೊದಲು ಬೇರೆ ಕಡೆ ಫಾರ್ವರ್ಡ್ ಮಾಡಿಟ್ಟುಕೊಳ್ಳಿ.

ಎರಡನೆಯದು, ಹೋಸ್ಟಿಂಗ್‌ನವರಿಗೆ ‘ನಿಮ್ಮ ಸರ್ವರಿನಲ್ಲಿ ಐಮ್ಯಾಪ್ ಐಡಲ್ ಇದೆಯೇ’ ಎಂದು ಕೇಳಿ. ಇದ್ದರೆ ಐಡಲ್ ಬಳಸುವ ಆ್ಯಪ್ ಹಾಕಿಕೊಳ್ಳಿ. ಕೆ-9 ಮೇಲ್ ಬಹಳ ವರ್ಷದಿಂದ ಇದೆ, ಅದನ್ನೇ ಆಧಾರವಾಗಿಟ್ಟುಕೊಂಡು 2024ರಲ್ಲಿ ಆ್ಯಂಡ್ರಾಯ್ಡ್‌ಗೆ ಥಂಡರ್‌ಬರ್ಡ್ ಬಂತು. ಫೇರ್‌ಇಮೇಲ್ ಇನ್ನೊಂದು. ಇವು ಗೂಗಲ್‌ನ ಲೈನ್ ನೆಚ್ಚಿಕೊಳ್ಳದೆ ನೇರ ನಿಮ್ಮ ಸರ್ವರಿನ ಜೊತೆಗೇ ಮಾತಾಡುತ್ತವೆ. ಫೋಲ್ಡರ್ ಸೆಟ್ಟಿಂಗ್ಸ್‌ನಲ್ಲಿ ಇನ್‌ಬಾಕ್ಸ್‌ಗೆ ಪುಶ್ ಆನ್ ಮಾಡಿ, ಬ್ಯಾಟರಿ ಮತ್ತು ಅಲಾರ್ಮ್ ಸಂಬಂಧ ಅನುಮತಿ ಕೇಳಿದರೆ ಕೊಡಿ. ಆಮೇಲೆ ಪರದೆಯ ಮೇಲ್ತುದಿಯ ನೋಟಿಫಿಕೇಶನ್ ಪಟ್ಟಿಯಲ್ಲಿ ‘ಹೊಸ ಮೇಲ್‌ಗೆ ಕಾಯುತ್ತಿದ್ದೇನೆ’ ಎಂಬರ್ಥದ ಸಾಲೊಂದು ಸದಾ ಕೂತಿರುತ್ತದೆ. ಅದನ್ನು ಕಿರಿಕಿರಿ ಎಂದು ತೆಗೆಯಬೇಡಿ. ಆ್ಯಪ್ ಎಚ್ಚರವಾಗಿದೆ ಎಂಬುದಕ್ಕೆ ಅದೇ ಸಾಕ್ಷಿ. ಐಡಲ್‌ನಲ್ಲಿ ಒಂದು ಲೈನಿಗೆ ಒಂದೇ ಫೋಲ್ಡರ್. ‘ಆರ್ಡರ್ಸ್’ ಎಂಬ ಫೋಲ್ಡರಿಗೆ ಮೇಲ್ ತಾನಾಗಿ ಹೋಗುವಂತೆ ಸರ್ವರಿನಲ್ಲಿ ಫಿಲ್ಟರ್ ಹಾಕಿದ್ದರೆ, ಆ ಫೋಲ್ಡರಿಗೂ ಪ್ರತ್ಯೇಕ ಪುಶ್ ಆನ್ ಮಾಡಬೇಕು.

ಔಟ್‌ಲುಕ್ ಆ್ಯಪ್ ಕೂಡ ಒಂದು ದಾರಿ. ಆದರೆ ಅದು ಹೊರಗಿನ ಖಾತೆಯ ಮೇಲನ್ನು ಮೈಕ್ರೋಸಾಫ್ಟ್‌ನ ಕ್ಲೌಡ್‌ಗೆ ಸಿಂಕ್ ಮಾಡಿಕೊಂಡು ಅಲ್ಲಿಂದ ನಿಮಗೆ ತಲುಪಿಸುತ್ತದೆ. ಅನುಕೂಲ ಬೇಕೋ, ವ್ಯಾಪಾರದ ಪತ್ರಗಳು ಇನ್ನೊಬ್ಬರ ಸರ್ವರಿನ ಮೂಲಕ ಹೋಗಬಾರದೋ, ತೀರ್ಮಾನ ನಿಮ್ಮದು. ಅದರಲ್ಲಿ ‘ಫೋಕಸ್ಡ್ ಇನ್‌ಬಾಕ್ಸ್’ ಆನ್ ಇದ್ದರೆ ‘ಅದರ್’ ಪಟ್ಟಿಗೆ ಬಿದ್ದ ಮೇಲ್‌ಗೆ ಸದ್ದಾಗದೇ ಇರಬಹುದು. ಅದನ್ನು ಆಫ್ ಮಾಡಿಕೊಂಡೇ ಬಳಸಿ.

ರೈಲು, ಬೆಟ್ಟ, ಹಾಸ್ಟೆಲ್ ವೈಫೈ

ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಹೋಗುವವರಿಗೆ ನಿಡವಂದ, ದೊಡ್ಡಬೆಲೆ ಕಡೆ ಟವರಿನಿಂದ ಟವರಿಗೆ ಹಾರುತ್ತ ಲೈನ್ ಕಡಿಯುವುದೂ ಕೂಡುವುದೂ ನಡೆದೇ ಇರುತ್ತದೆ. ದೇವರಾಯನದುರ್ಗದ ತಿರುವುಗಳಲ್ಲೂ ಹಾಗೇ. ಚೀಟಿ ಕಳೆದುಹೋಗುತ್ತದೆ ಎಂಬ ಭಯ ಬೇಡ. ಫೋನ್ ಸಿಗದಿದ್ದರೆ ಗೂಗಲ್‌ನ ವ್ಯವಸ್ಥೆ ಚೀಟಿಯನ್ನು ನಾಲ್ಕು ವಾರದ ತನಕವೂ ಇಟ್ಟುಕೊಳ್ಳಬಲ್ಲದು. ಮತ್ತೆ ಲೈನ್ ಕೂಡಿದಾಗ ಎಲ್ಲ ಸೇರಿ ಒಮ್ಮೆಲೇ ಬರುತ್ತವೆ. ಕೆಲವು ಸಲ ಲೈನ್ ಸತ್ತಿರುವುದು ಫೋನಿಗೇ ತಿಳಿದಿರುವುದಿಲ್ಲ, ಸಿಗ್ನಲ್ ಕಡ್ಡಿಗಳು ತುಂಬಿಯೇ ಇರುತ್ತವೆ. ಆಗ ಏರೋಪ್ಲೇನ್ ಮೋಡ್ ಒಮ್ಮೆ ಆನ್ ಮಾಡಿ ಆಫ್ ಮಾಡಿದರೆ ಹೊಸ ಲೈನ್ ಹಿಡಿಯುತ್ತದೆ.

ಹಾಸ್ಟೆಲ್ಲು, ಕಾಲೇಜು, ಕಾರ್ಖಾನೆಗಳ ವೈಫೈನಲ್ಲಿ ಬ್ರೌಸರ್ ಓಡಿದರೂ ನೋಟಿಫಿಕೇಶನ್ ಬರದಿದ್ದರೆ ಅಲ್ಲಿನ ಫೈರ್‌ವಾಲನ್ನು, ಅಂದರೆ ಯಾವ ಸಂಪರ್ಕ ಬಿಡಬೇಕು ಎಂದು ಸೋಸುವ ಕಾವಲನ್ನು, ಅನುಮಾನಿಸಿ. ಗೂಗಲ್‌ನ ಪುಶ್ ಸಾಮಾನ್ಯವಾಗಿ 5228ನೇ ಪೋರ್ಟಿನಲ್ಲಿ, ಅಂದರೆ ಆ ಸಂಖ್ಯೆಯ ಬಾಗಿಲಿನಲ್ಲಿ, ಓಡುತ್ತದೆ, ಜೊತೆಗೆ 5229, 5230. ಆ್ಯಪಲ್‌ನದು 5223, ಅದು ಮುಚ್ಚಿದ್ದರೆ 443. ನೆಟ್‌ವರ್ಕ್ ನೋಡಿಕೊಳ್ಳುವವರಿಗೆ ‘ನೆಟ್ ಸರಿಯಿಲ್ಲ’ ಎಂದರೆ ಅವರು ಬ್ರೌಸರ್ ತೋರಿಸಿ ಕಳಿಸುತ್ತಾರೆ. ಈ ಸಂಖ್ಯೆಗಳನ್ನು ಬರೆದುಕೊಂಡು ಹೋಗಿ. ಅದು ಆಗದಿದ್ದರೆ, ಮುಖ್ಯ ಮೇಲ್ ನಿರೀಕ್ಷೆಯಲ್ಲಿರುವ ದಿನ ಮೊಬೈಲ್ ಡೇಟಾದಲ್ಲೇ ಇರಿ.

ಮೇಲ್ ಬಂದೇ ಇರದಿದ್ದರೆ

ಗೂಗಲ್ ಖಾತೆಯ ಉಚಿತ ಜಾಗ 15 ಜಿಬಿ, ಅದರಲ್ಲಿ ಫೋಟೊ, ಡ್ರೈವ್, ಮೇಲ್ ಮೂರೂ ಪಾಲುದಾರರು. ಮದುವೆ ವಿಡಿಯೊಗಳಿಂದ ಅದು ತುಂಬಿದ್ದರೆ ನಿಮಗೆ ಬರುವ ಮೇಲ್ ಕಳಿಸಿದವರಿಗೇ ವಾಪಸ್ ಹೋಗುತ್ತದೆ. ನಿಮಗೆ ಸದ್ದಾಗುವ ಪ್ರಶ್ನೆಯೇ ಇಲ್ಲ. ಪಾಸ್‌ವರ್ಡ್ ಬದಲಿಸಿದ ಮೇಲೆ ಫೋನಿನಲ್ಲಿ ಮತ್ತೆ ಲಾಗಿನ್ ಆಗದಿದ್ದರೂ ಅಷ್ಟೆ. ಸ್ಪ್ಯಾಮ್ ಫೋಲ್ಡರನ್ನೂ ಒಮ್ಮೆ ಇಣುಕಿ.

ಇನ್ನು ಎಲ್ಲ ಖಾತೆಗೂ ಪುಶ್ ಬೇಕೇ? ನನ್ನ ಮಟ್ಟಿಗೆ ಬೇಡ. ಕೆಲಸದ್ದೊಂದು, ಬ್ಯಾಂಕಿನದೊಂದು ಸಾಕು. ಶಾಪಿಂಗ್‌ಗೆ ಕೊಟ್ಟ ಖಾತೆಗೆ ನೋಟಿಫಿಕೇಶನ್ ‘ನನ್’ ಮಾಡಿಬಿಡಿ. ಸದ್ದು ಹೆಚ್ಚಾದಷ್ಟೂ ಕಣ್ಣು ಅದನ್ನು ನೋಡುವುದು ಬಿಡುತ್ತದೆ. ಅಂಗಡಿಯ ಗಲ್ಲಾದ ಮೇಲೆ ಫೋನ್ ಇಟ್ಟು ಗಿರಾಕಿಗಳ ಮುಂದೆ ಕೂರುವವರು ಸೆಟ್ಟಿಂಗ್ಸ್‌ನ ನೋಟಿಫಿಕೇಶನ್ಸ್‌ನಲ್ಲಿ ಲಾಕ್ ಪರದೆಯ ಮೇಲೆ ಸೂಕ್ಷ್ಮ ವಿವರ ಕಾಣದಂತೆ ಮಾಡಿಕೊಳ್ಳಿ, ಐಫೋನಿನಲ್ಲಿ ‘ಶೋ ಪ್ರಿವ್ಯೂಸ್’ ಎಂಬಲ್ಲಿ ‘ವೆನ್ ಅನ್‌ಲಾಕ್ಡ್’. ಮೇಲ್ ಬಂದದ್ದು ತಿಳಿಯುತ್ತದೆ, ಓಟಿಪಿ ಮಾತ್ರ ಎದುರಿಗೆ ನಿಂತವರಿಗೆ ಕಾಣುವುದಿಲ್ಲ.